ಬಾಂಡ್ ಪೇಪರ್‌ಗೆ ಹೆಬ್ಬೆಟ್ಟು ಒತ್ತುವ ಮೊದಲು

ನೂರು ರೂಪಾಯಿಯ ಛಾಪಾ ಕಾಗದ, ನೋಟರಿಯ ಸೀಲು, ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ‘ಸ್ವಂತ ಇಚ್ಛೆಯಿಂದ ಮಗುವನ್ನು ಒಪ್ಪಿಸಿರುತ್ತೇನೆ, ಮುಂದೆ ನನ್ನದಾಗಲಿ ನನ್ನ ಕಡೆಯವರದಾಗಲಿ ಯಾವುದೇ ತಂಟೆ ತಕರಾರು ಇರುವುದಿಲ್ಲ’ ಎಂಬ ಒಕ್ಕಣೆ. ಇಂಥ ಕಾಗದ ಹಿಡಿದು ಬರುವ ಬಾಣಂತಿಯರನ್ನು ವಕೀಲಳಾಗಿ ಮತ್ತೆ ಮತ್ತೆ ನೋಡಿದ್ದೇನೆ. ಓದಿ ಹೇಳಿದವರು ಯಾರಮ್ಮಾ ಎಂದರೆ ನರ್ಸಿಂಗ್ ಹೋಮಿನ ಆಯಾ ಎನ್ನುತ್ತಾರೆ. ಮಗು ಎಲ್ಲಿದೆ ಎಂದರೆ ಗೊತ್ತಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆತ್ತವಳ ಹೆಸರೇ ಇರುವುದಿಲ್ಲ. ಮಗು ಕೊಂಡೊಯ್ದವಳ ಹೆಸರಿನಲ್ಲಿ ದಾಖಲಾತಿ, ಜನನ ಪ್ರಮಾಣಪತ್ರವೂ ಅದೇ ಹೆಸರಿನಲ್ಲಿ.

ಹೆತ್ತ ಮಗುವನ್ನು ಸಾಕಲಾರೆ ಎಂದು ತೀರ್ಮಾನಿಸುವುದು ಅಪರಾಧವಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 35ನೇ ಕಲಂ ಅದಕ್ಕೆಂದೇ ದಾರಿ ಇಟ್ಟಿದೆ. ದೈಹಿಕ, ಮಾನಸಿಕ, ಸಾಮಾಜಿಕ ಕಾರಣಗಳಿಂದ ಕೈಲಾಗದ ತಾಯಿ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಒಪ್ಪಿಸಿದ ಮಗುವಿನ ವಿಚಾರಣೆಯಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವಂತಿಲ್ಲ ಎಂದು 38ನೇ ಕಲಂ ಹೇಳುತ್ತದೆ. ಹೀಗಿದ್ದರೂ ‘ಪೊಲೀಸ್ ಕೇಸಾಗುತ್ತೆ, ಹೆಸರು ಪೇಪರಿಗೆ ಬರುತ್ತೆ’ ಎಂದು ಹೆದರಿಸುವವರು ಆಸ್ಪತ್ರೆಯ ವರಾಂಡದಲ್ಲೇ ಸಿಗುತ್ತಾರೆ. ಅವರ ದಂಧೆಗೆ ನಿಮ್ಮ ಭಯವೇ ಬಂಡವಾಳ. 2023ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹಸುಗೂಸುಗಳನ್ನು ಮಾರುತ್ತಿದ್ದ ಒಂದು ಜಾಲವನ್ನು ಹಿಡಿದದ್ದು ನೆನಪಿರಬಹುದು. ಮಗು ಮಾರಾಟಕ್ಕೆ 81ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು. ಆಸ್ಪತ್ರೆಯವರೇ ಕೈಹಾಕಿದ್ದರೆ ಮೂರರಿಂದ ಏಳು ವರ್ಷ.

ಸರಿಯಾದ ದಾರಿ ಹೀಗಿದೆ. ಸಮಿತಿಯ ವಿಳಾಸ ಗೊತ್ತಿಲ್ಲದಿದ್ದರೆ 1098ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮೊದಲು ಆಪ್ತಸಮಾಲೋಚನೆ, ವಿಚಾರಣೆ. ಆಮೇಲೆ ಸಮಿತಿಯ ಎದುರೇ ಮಗು ಒಪ್ಪಿಸುವ ಪತ್ರಕ್ಕೆ ಸಹಿ. ಕಚೇರಿಯವರು ಇದನ್ನು ‘ಸರೆಂಡರ್ ಡೀಡ್’ ಎನ್ನುತ್ತಾರೆ. ಮಗು ದತ್ತು ಸಂಸ್ಥೆಗೆ ಹೋಗುತ್ತದೆ. ಸಮಿತಿ ಒಪ್ಪಿದರೆ ಮರುಯೋಚನೆಗೆ ಇರುವ ಎರಡು ತಿಂಗಳ ಅವಧಿ ಮುಗಿಯುವವರೆಗೆ ಅದರ ನಿಗಾದಲ್ಲಿ ನಿಮ್ಮ ಬಳಿಯೇ ಇರಲೂಬಹುದು. ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ, ತೆಗೆದುಕೊಳ್ಳುವಂತೆಯೂ ಇಲ್ಲ. ಇಷ್ಟು ಸರಳವಾದದ್ದು ಎಲ್ಲಿ ತಪ್ಪುತ್ತದೆ?

ಎರಡು ತಿಂಗಳ ಲೆಕ್ಕದಲ್ಲಿ. ಸಹಿ ಮಾಡಿದ ಮೇಲೆ ಮನಸ್ಸು ಬದಲಿಸಲು ಕಾನೂನು ತಾಯಿಗೆ ಎರಡು ತಿಂಗಳು ಕೊಟ್ಟಿದೆ. ಪತ್ರದ ನಮೂನೆಯಲ್ಲಿ 60ನೇ ದಿನದವರೆಗೆ ಎಂದೇ ಇದೆ. ದಿನ ಎಣಿಸಬೇಕಾದ್ದು ಹೆರಿಗೆಯಿಂದಲ್ಲ, ಸಹಿ ಹಾಕಿದ ದಿನದಿಂದ. ಅವಧಿ ದಾಟಿದರೆ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಎಂದು ಘೋಷಿಸಬಹುದು. ಆಮೇಲೆ ನೀವು ಎಷ್ಟು ಅತ್ತರೂ ನಿಮ್ಮ ಹಕ್ಕು ತಿರುಗಿ ಬರುವುದಿಲ್ಲ. ಬಾಂಡ್ ಪೇಪರ್ ಕಸಿದುಕೊಳ್ಳುವುದು ಈ ಎರಡು ತಿಂಗಳನ್ನೇ: ಮಗು ಕೈಬಿಟ್ಟ ಮರುಗಳಿಗೆಯಿಂದ ನಿಮಗೆ ಯಾವ ಕಚೇರಿಯೂ ಇಲ್ಲ, ಯಾವ ಗಡುವೂ ಇಲ್ಲ, ಮಗುವಿನ ಸುಳಿವೂ ಇಲ್ಲ.

ಕಾನೂನಿನ ದಾರಿ ಹಿಡಿದವರೂ ಇಲ್ಲೇ ಎಡವುತ್ತಾರೆ. ಮನಸ್ಸು ತಡೆಯದೆ ನಲವತ್ತನೇ ದಿನ ಕಚೇರಿಗೆ ಹೋದರೆ ‘ಮೇಡಂ ಮೀಟಿಂಗಿನಲ್ಲಿದ್ದಾರೆ, ಮುಂದಿನ ವಾರ ಬಾ’ ಎನ್ನುವ ಸಿಬ್ಬಂದಿ ಇದ್ದಾರೆ. ಬಾಣಂತಿ ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ಕಾದು ಹೋಗುವುದು ಅವರ ಲೆಕ್ಕಕ್ಕೇ ಇಲ್ಲ. ಈ ಉಡಾಫೆ ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ‘ಇಂಥ ದಿನ ಒಪ್ಪಿಸಿದ ನನ್ನ ಮಗುವನ್ನು ವಾಪಸ್ ಪಡೆಯಲು ಇಚ್ಛಿಸುತ್ತೇನೆ’ ಎಂದು ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆಸಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖು ಸಹಿತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ.

ಮಗು ಒಪ್ಪಿಸುವ ಪತ್ರಕ್ಕೆ ಸಹಿ ಹಾಕುವಾಗಲೂ ಎಚ್ಚರ. ಖಾಲಿ ಬಿಟ್ಟ ಜಾಗಗಳಿದ್ದರೆ ಸಹಿ ಬೇಡ. ಕನ್ನಡದಲ್ಲಿ ಓದಿ ಹೇಳಿಸಿ. ಮಗುವನ್ನು ವಿದೇಶದವರೂ ದತ್ತು ಪಡೆಯಬಹುದು ಎಂಬ ಮಾತು ಅದರಲ್ಲಿದೆ. ಮಗು ದೊಡ್ಡದಾಗಿ ಹೆತ್ತವರನ್ನು ಹುಡುಕಿಕೊಂಡು ಬಂದರೆ ನಿಮ್ಮ ಗುರುತು, ವಿಳಾಸ ತಿಳಿಸಬಹುದೇ ಬೇಡವೇ ಎಂದು ಟಿಕ್ ಹಾಕುವ ಸಾಲೂ ಇದೆ. ಆ ಟಿಕ್ ನಿಮ್ಮದು. ಗುಮಾಸ್ತರು ತಾವೇ ಹಾಕಿ ಮುಗಿಸಲು ಬಿಡಬೇಡಿ. ಒಂದು ಪ್ರತಿ ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೊ ಆದರೂ ತೆಗೆದುಕೊಳ್ಳಿ.

ಇನ್ನು, ಎಲ್ಲರ ಪರಿಸ್ಥಿತಿಯೂ ಒಂದೇ ಅಲ್ಲ. ಮದುವೆಯಾಗದ ತಾಯಿಯಾದರೆ ಅವಳೊಬ್ಬಳ ಸಹಿ ಸಾಕು. ಅಪ್ಪನ ಹೆಸರು ಹೇಳಲೇಬೇಕೆಂದು ಪೀಡಿಸುವಂತಿಲ್ಲ. ಮದುವೆಯಾಗಿದ್ದರೆ ಇಬ್ಬರ ಸಹಿಯೂ ಬೇಕು, ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು. ಗಂಡ ಎಲ್ಲಿದ್ದಾನೋ ಗೊತ್ತಿಲ್ಲದಿದ್ದರೆ ಮಗುವನ್ನು ತ್ಯಜಿಸಲ್ಪಟ್ಟ ಮಗು ಎಂದು ಪರಿಗಣಿಸಿ ಬೇರೆ ಕ್ರಮ ನಡೆಯುತ್ತದೆ. ತಾಯಿಗೆ ಹದಿನೆಂಟು ತುಂಬಿರದಿದ್ದರೆ ಮಾತ್ರ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಪೋಕ್ಸೊ ಪ್ರಕರಣ ದಾಖಲಾಗುತ್ತದೆ. ಇದನ್ನು ಮುಚ್ಚಿಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ. ಆ ಹುಡುಗಿ ಅಲ್ಲಿ ನೊಂದವಳೇ ಹೊರತು ಆರೋಪಿಯಲ್ಲ.

‘ಹಿಂದೂಗಳು ನೇರವಾಗಿ ದತ್ತು ಕೊಡಬಹುದಲ್ಲ’ ಎಂದು ದಲ್ಲಾಳಿಗಳು ವಾದಿಸುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ, ನಿಜ. ಆದರೆ ಅಲ್ಲಿಯೂ ಗಂಡ ಬದುಕಿದ್ದರೆ ಅವನ ಒಪ್ಪಿಗೆ ಬೇಕು, ಹಣ ಪಡೆದರೆ ಅಪರಾಧ, ಸರಿಯಾಗಿ ಆದ ದತ್ತಕವನ್ನು ಆಮೇಲೆ ರದ್ದು ಮಾಡಲಾಗದು. ಎರಡು ತಿಂಗಳ ಮಾತೇ ಅಲ್ಲಿಲ್ಲ. ಹುಟ್ಟುವ ಮೊದಲೇ ಬರೆಸಿಕೊಂಡ ದತ್ತು ಒಪ್ಪಂದಕ್ಕೆ ಕಾನೂನಿನಲ್ಲಿ ಜಾಗವಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ.

ಬಡತನವೊಂದೇ ಕಾರಣವಾದರೆ ಮಗುವನ್ನು ಒಪ್ಪಿಸುವ ಮುನ್ನ ಪ್ರಾಯೋಜಕತ್ವದ ಅರ್ಜಿಯನ್ನು ಕೇಳಿ. ಮಿಷನ್ ವಾತ್ಸಲ್ಯದಡಿ ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವರ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ನೆರವಿದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಸಮಾಲೋಚನೆಯಲ್ಲೇ ಹೇಳಬೇಕಾದ ಈ ಮಾತನ್ನು ಎಷ್ಟೋ ಕಡೆ ಹೇಳುವುದಿಲ್ಲ.

ಈಗಾಗಲೇ ಬಾಂಡ್ ಪೇಪರ್‌ಗೆ ಸಹಿ ಹಾಕಿದ್ದರೆ, ದುಡ್ಡು ಕೈಗೆ ಬಂದಿದ್ದರೂ ಸರಿ, ಅದನ್ನು ಹರಿಯಬೇಡಿ. ದಲ್ಲಾಳಿಯ ಜೊತೆ ಪಂಚಾಯಿತಿಗೆ ಕೂರಬೇಡಿ. ಮೊದಲು ವಕೀಲರ ಎದುರು ಏನೂ ಮುಚ್ಚಿಡದೆ ಹೇಳಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನ್ 15100. ಇದನ್ನು ಓದುತ್ತಿರುವ ಆಶಾ ಕಾರ್ಯಕರ್ತೆಯರಲ್ಲಿ, ನರ್ಸ್‌ಗಳಲ್ಲಿ ನನ್ನದೊಂದು ಕೋರಿಕೆ: ಹೆರಿಗೆ ವಾರ್ಡಿನ ಗೋಡೆಗೆ ಈ ನಂಬರನ್ನೂ 1098 ಅನ್ನೂ ದೊಡ್ಡದಾಗಿ ಬರೆದು ಅಂಟಿಸಿ.