ಫೈಬರ್‌ಗೆ ಒಪ್ಪುವ ಮುನ್ನ ಫೋನ್ ಬಿಲ್ ಓದಿ

ಅಮೆರಿಕದ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ಕನ್ನಡಿಗರ ಮನೆಗಳಲ್ಲಿ, ಅದರಲ್ಲೂ ಊರಿನಿಂದ ಹೋದ ಅಪ್ಪ-ಅಮ್ಮ ಇರುವಲ್ಲಿ, ಹಳೆಯ ಲ್ಯಾಂಡ್‌ಲೈನ್ ಉಳಿದಿದ್ದರೆ ಕಂಪನಿಯಿಂದ ಕರೆಯೋ ಪತ್ರವೋ ಬರುವುದು ಹೊಸತೇನಲ್ಲ. ತಾಮ್ರದ ತಂತಿ ತೆಗೆದು ಫೈಬರ್ ಹಾಕಿಕೊಡುತ್ತೇವೆ, ನಂಬರ್ ಅದೇ ಇರುತ್ತದೆ, ಫೋನೂ ಅದೇ ಎಂಬುದು ಅದರ ಸಾರಾಂಶ. ಇದರಲ್ಲಿ ಸುಳ್ಳಿಲ್ಲ. ತಂತಿಯ ಜೊತೆಗೆ ಗ್ರಾಹಕರನ್ನು ಕಾಯುವ ಕಾನೂನೂ ಬದಲಾಗಬಹುದು ಎಂಬುದನ್ನು ಮಾತ್ರ ಮಾರಲು ಬಂದವರು ಬಿಡಿಸಿ ಹೇಳುವುದು ಅಪರೂಪ.

ಅಲ್ಲಿ ಹಳೆಯ ಟೆಲಿಫೋನ್ 1934ರ ಸಂವಹನ ಕಾಯ್ದೆಯಡಿ ಬರುವ ಸಾರ್ವಜನಿಕ ಸೇವೆ. ಕಂಪನಿ ಅದನ್ನು ತನ್ನಿಷ್ಟಕ್ಕೆ ನಿಲ್ಲಿಸುವಂತಿಲ್ಲ. ದರ, ದುರಸ್ತಿ, ಸಂಪರ್ಕ ಕಡಿತದ ಮೇಲೆ ರಾಜ್ಯದ ಆಯೋಗಗಳ ಕಣ್ಣು ಇರುತ್ತಿತ್ತು; ಎಷ್ಟೋ ರಾಜ್ಯಗಳಲ್ಲಿ ಈ ಹಿಡಿತ ಈಗ ಸಡಿಲವಾಗಿದೆ. ಇಂಟರ್‌ನೆಟ್ ವಿಧಾನದಲ್ಲಿ ಧ್ವನಿ ಸಾಗಿಸುವ ಸೇವೆಯ ಕಥೆ ಬೇರೆ. 2004ರಲ್ಲಿ ಇಂಥ ಸೇವೆ ಕೊಡುವ ವೋನೇಜ್ ಕಂಪನಿಯ ಪ್ರಕರಣದಲ್ಲಿ ಕೇಂದ್ರದ ಸಂವಹನ ಆಯೋಗ ಎಫ್‌ಸಿಸಿ, ಮಿನ್ನೆಸೋಟ ರಾಜ್ಯದ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ ಎಂದಿತು. ಹಲವು ರಾಜ್ಯಗಳು ತಮ್ಮ ಆಯೋಗಗಳ ಕೈಯನ್ನು ತಾವೇ ಕಟ್ಟಿಹಾಕಿಕೊಂಡವು. ಹಾಗೆಂದು ಇದು ಪೂರ್ತಿ ಕಡಿವಾಣವಿಲ್ಲದ ಸೇವೆಯೂ ಅಲ್ಲ: 911 ತುರ್ತು ಕರೆ 2005ರಲ್ಲಿ, ನಂಬರ್ ಉಳಿಸಿಕೊಳ್ಳುವ ಹಕ್ಕು 2007ರಲ್ಲಿ ಇದಕ್ಕೂ ಕಡ್ಡಾಯವಾದವು.

ಮೊದಲ ಕೆಲಸ, ಬಿಲ್ ತೆಗೆದು ಅದರಲ್ಲಿ ಯಾವ ಸೇವೆಯ ಹೆಸರಿದೆ ಎಂದು ನೋಡುವುದು. ಫೈಬರ್ ಬಂದ ಮಾತ್ರಕ್ಕೆ ನಿಯಂತ್ರಣ ತಪ್ಪಿತು ಎಂದುಕೊಳ್ಳಬೇಕಿಲ್ಲ. ಫೋನ್ ಕಂಪನಿ ವೆರೈಜನ್ ಒಂದೇ ಫೈಬರ್ ಮೇಲೆ ಎರಡು ಬಗೆಯ ಸೇವೆ ಕೊಟ್ಟಿದೆ: ಒಂದು ಹಳೆಯ ನಿಯಮಗಳಡಿಯ ಸಾಮಾನ್ಯ ಫೋನ್, ಇನ್ನೊಂದು ಇಂಟರ್‌ನೆಟ್ ವಿಧಾನದ ‘ಫಿಯೋಸ್ ಡಿಜಿಟಲ್ ವಾಯ್ಸ್’. ಕಿವಿಗೆ ಎರಡೂ ಒಂದೇ, ವ್ಯತ್ಯಾಸವಿರುವುದು ಕಾಗದದಲ್ಲಿ. ಆದ್ದರಿಂದ ‘ನೀವು ಕೊಡುತ್ತಿರುವುದು ಯಾವುದು?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಟಿವಿ, ಇಂಟರ್‌ನೆಟ್ ಸೇರಿಸಿದ ಪ್ಯಾಕೇಜ್ ಆದರೆ, ಅವುಗಳ ಬಾಕಿಗೆ ಫೋನನ್ನೂ ಕಡಿಯುತ್ತಾರೆಯೇ ಎಂಬ ಪ್ರಶ್ನೆಯೂ ಆಗಲೇ ಬರಲಿ.

ಎರಡನೆಯದು ಕರೆಂಟ್. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲೇ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ ಮನೆಯವರೆಗೆ ಹರಿದುಬರುತ್ತದೆ. ಊರೆಲ್ಲ ಕತ್ತಲಾದರೂ ಫೋನಿಗೆ ಜೀವ ಇರುತ್ತದೆ. ಫೈಬರ್ ಒಯ್ಯುವುದು ಬೆಳಕನ್ನಷ್ಟೇ. ಅದನ್ನು ಧ್ವನಿಯಾಗಿಸುವ ಗೋಡೆಯ ಪೆಟ್ಟಿಗೆಗೆ ಮನೆಯ ಕರೆಂಟೇ ಗತಿ. (ನಮ್ಮಲ್ಲಿ ಬಿಎಸ್‌ಎನ್‌ಎಲ್ ಫೈಬರ್‌ಗೆ ಬದಲಾದವರ ಪಾಡೂ ಇದೇ, ಯುಪಿಎಸ್ ಇದ್ದರಷ್ಟೇ ಮಾತು.)

ತಾಮ್ರ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ನ ಫೈರ್ ಐಲ್ಯಾಂಡ್‌ನಲ್ಲಿ ತಾಮ್ರದ ಜಾಲವನ್ನು ಹಾಳುಗೆಡವಿತು. ಅದನ್ನು ಮತ್ತೆ ಕಟ್ಟುವ ಬದಲು ಮೊಬೈಲ್ ಜಾಲದಿಂದ ನಡೆಯುವ ‘ವಾಯ್ಸ್ ಲಿಂಕ್’ ಪೆಟ್ಟಿಗೆ ಕೊಡಲು ವೆರೈಜನ್ ಮುಂದಾದಾಗ ನಿವಾಸಿಗಳು ತಿರುಗಿಬಿದ್ದರು. ಕೊನೆಗೆ 2013ರಲ್ಲಿ ಫೈಬರ್ ಹಾಕಲು ಕಂಪನಿ ಒಪ್ಪಿತು. ಎರಡು ವರ್ಷದ ನಂತರ, ಕರೆಂಟ್ ಹೋದರೂ ಫೋನ್ ನಡೆಯಲು ಕನಿಷ್ಠ 8 ಗಂಟೆಯ ಬ್ಯಾಕಪ್ ಸೌಲಭ್ಯವನ್ನು ಗ್ರಾಹಕರಿಗೆ ಮಾರಲು ಸಿದ್ಧವಿರಬೇಕು ಎಂದು ಎಫ್‌ಸಿಸಿ ಕಂಪನಿಗಳಿಗೆ ಹೇಳಿತು. 2019ರಿಂದ 24 ಗಂಟೆಯದ್ದೂ ಸೇರಿತು. ಪುಕ್ಕಟೆಯೇನಲ್ಲ, ದುಡ್ಡು ಗ್ರಾಹಕರದೇ. ಆ ನಿಯಮಕ್ಕೂ 2025ರ ಸೆಪ್ಟೆಂಬರ್ 1ರವರೆಗಷ್ಟೇ ಆಯಸ್ಸು ಬರೆದಿತ್ತು. ಹೀಗಾಗಿ ಬ್ಯಾಟರಿ ಉಂಟೇ, ಎಷ್ಟು ಹೊತ್ತು ಬರುತ್ತದೆ, ಹಳತಾದರೆ ಬದಲಿಸುವವರು ಯಾರು ಎಂದು ಮನೆಯವರೇ ಕೇಳಬೇಕು. ಫೈಬರ್ ಹಾಕಿದ ದಿನವೇ ಪೆಟ್ಟಿಗೆಯ ಪ್ಲಗ್ ಕಿತ್ತು ಸ್ನೇಹಿತರೊಬ್ಬರಿಗೆ ಕರೆ ಮಾಡಿ ನೋಡುವುದು ಒಳ್ಳೆಯದು. ಪರೀಕ್ಷೆಗೆಂದು 911 ಒತ್ತಬಾರದು. ಕಾರ್ಡ್‌ಲೆಸ್ ಫೋನಿಗೆ ಹೇಗೂ ಕರೆಂಟ್ ಬೇಕು, ಆದ್ದರಿಂದ ವೈರಿನ ಫೋನ್ ಒಂದಿರಲಿ.

ಫೋನ್ ಲೈನಿಗೆ ಅಂಟಿಕೊಂಡ ಉಪಕರಣಗಳನ್ನು ಪಟ್ಟಿ ಮಾಡುವುದು ಮುಂದಿನ ಹೆಜ್ಜೆ. ಕಳ್ಳರ ಅಲಾರಂ, ಫ್ಯಾಕ್ಸ್, ಹಿರಿಯರು ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿ. ಇವು ಡಿಜಿಟಲ್ ವಾಯ್ಸ್‌ನಲ್ಲಿ ನಡೆದೇ ನಡೆಯುತ್ತವೆ ಎನ್ನುವಂತಿಲ್ಲ. ಅಲಾರಂ ಕಂಪನಿಗೆ ಮೊದಲೇ ತಿಳಿಸಿ, ಬದಲಾವಣೆ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಬೇಕು.

ಬೇರೆ ಕಂಪನಿಗೆ ಹೋಗುವವರು ಹಳೆಯ ಸಂಪರ್ಕವನ್ನು ಮೊದಲೇ ರದ್ದು ಮಾಡಿದರೆ ನಂಬರ್ ಕೈತಪ್ಪುವ ಅಪಾಯವಿದೆ. ಹೊಸ ಕಂಪನಿಯೇ ನಂಬರ್ ಎಳೆದುಕೊಳ್ಳಲಿ, ಆಮೇಲೆ ಹಳೆಯದಕ್ಕೆ ವಿದಾಯ. 911ಕ್ಕೆ ದಾಖಲಾದ ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆಯೂ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಸಾಮಾನ್ಯ ಫೋನೇ ಇರಲಿ ಎನ್ನುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಬಲ ಸಿಕ್ಕಿತು: ಕೇಳಿದವರಿಗೆಲ್ಲ ಫೋನ್ ಕೊಡಲೇಬೇಕೆಂಬ ಹೊಣೆಯಿಂದ ಬಿಡುಗಡೆ ಕೋರಿದ್ದ ಫೋನ್ ಕಂಪನಿ ಎಟಿ ಅಂಡ್ ಟಿಯ ಅರ್ಜಿಯನ್ನು ಅಲ್ಲಿನ ಆಯೋಗ 2024ರ ಜೂನ್‌ನಲ್ಲಿ ತಳ್ಳಿಹಾಕಿತು. ಎಲ್ಲ ರಾಜ್ಯಗಳಲ್ಲಿ ಈ ರಕ್ಷಣೆ ಇಲ್ಲ.

ದೂರು ಕೊಡುವ ಸಂದರ್ಭ ಬಂದರೆ, ಸಾಮಾನ್ಯ ಫೋನ್ ಆದರೆ ರಾಜ್ಯದ ಆಯೋಗದ ಬಾಗಿಲು ಮೊದಲು ತಟ್ಟಬೇಕು. ಡಿಜಿಟಲ್ ವಾಯ್ಸ್ ಆದರೆ ಎಫ್‌ಸಿಸಿಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ಆಯೋಗ ಅದನ್ನು ಕಂಪನಿಗೆ ಕಳಿಸಿದ ಮೇಲೆ 30 ದಿನದೊಳಗೆ ಉತ್ತರ ಬರಬೇಕು.