ಡಬ್ಬದಲ್ಲಿ ಅವರೆ ಬಳ್ಳಿ

ಹೊರನಾಡಿನಲ್ಲಿರುವ ನಮ್ಮವರಲ್ಲಿ ಕೆಲವರು ಊರಿನಿಂದ ಅವರೆ ಬೀಜ ತಂದು ಬಾಲ್ಕನಿಯ ಡಬ್ಬದಲ್ಲಿ ಹಾಕುವುದುಂಟು. ಬಳ್ಳಿ ಸೊಂಪಾಗಿ ಹಬ್ಬುತ್ತದೆ; ಹೂವು ಮಾತ್ರ ಕಾಣದು. ಕೊನೆಗೆ ಬೇಸತ್ತು ಕಿತ್ತೆಸೆಯುತ್ತಾರೆ. ಅನೇಕ ವೇಳೆ ಇಲ್ಲಿ ದೋಷ ಬೀಜದ್ದಲ್ಲ, ಮಣ್ಣಿನದೂ ಅಲ್ಲ, ಬಿತ್ತಿದ ಕಾಲದ್ದು.

ನಾಟಿ ಅವರೆಗೆ ಹಗಲಿನ ಉದ್ದವೇ ಪಂಚಾಂಗ. ಹಗಲು ಕುಗ್ಗಿ ರಾತ್ರಿ ಬೆಳೆದ ಮೇಲೆಯೇ ಅದು ಹೂವಿಗೆ ಬರುವುದು. ಏಪ್ರಿಲ್‌ನಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬರಿಯ ಎಲೆಯೇ. ನಮ್ಮ ರೈತರು ಮಳೆಗಾಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಇದನ್ನು ಬಿತ್ತುತ್ತಾರೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತು, ಸಂಕ್ರಾಂತಿಯ ಹೊತ್ತಿಗೆ ಕಾಯಿ ಕೊಡುತ್ತದೆ. ನಾವೂ ಅದೇ ಕ್ರಮವನ್ನು ಅನುಸರಿಸತಕ್ಕದ್ದು.

ಬಿತ್ತುವ ಕಾಲ: ಮುಂಬಯಿ, ಪುಣೆಯವರು ಜಡಿಮಳೆ ತಗ್ಗಿದ ಮೇಲೆ, ಆಗಸ್ಟ್‌ನಲ್ಲಿ ಬಿತ್ತಲಿ. ದೆಹಲಿಯವರು ಜುಲೈಯಲ್ಲೇ ಬಿತ್ತಬೇಕು; ಅಲ್ಲಿನ ಕೊರೆಯುವ ಚಳಿಯನ್ನು ಬಳ್ಳಿ ತಾಳದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳಿಗೆ ಹಗಲಿನ ಈ ಕಟ್ಟಳೆ ಇಲ್ಲ. ಗಿಡವೂ ಗಿಡ್ಡ, ಡಬ್ಬಕ್ಕೆ ಅನುಕೂಲ.

ಬೆಳೆಸುವ ಕ್ರಮ: ಖಾಲಿ ಎಣ್ಣೆ ಡಬ್ಬದ ತಳಕ್ಕೆ ನಾಲ್ಕೈದು ತೂತು ಹೊಡೆಯಿರಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಹಳೆಯ ಗೊಬ್ಬರ ಬೆರೆಸಿ ತುಂಬಿರಿ. ಒಂದು ಅಂಗುಲ ಆಳದಲ್ಲಿ ಮೂರು ಬೀಜ ಊರಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ. ಹಬ್ಬಲು ಹಗ್ಗ ಕಟ್ಟಿರಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ರಾತ್ರಿಯೆಲ್ಲ ಬೀದಿದೀಪ ಬೀಳುವ ಕಡೆ ಮಾತ್ರ ಡಬ್ಬ ಇಡಬಾರದು. ಕತ್ತಲೆಯೂ ಅದಕ್ಕೆ ಅಗತ್ಯ. ನೀರು ನಿಲ್ಲಬಾರದು. ಯೂರಿಯಾ ಹಾಕಬೇಡಿ, ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ತಾವೇ ಒದಗಿಸುತ್ತವೆ. ಕುಡಿಗೆ ಹೇನು ಹತ್ತಿದರೆ ತೆಳುವಾದ ಸಾಬೂನಿನ ನೀರು ಸಾಕು. ಕಾಯಿಕೊರಕ ಹುಳುವನ್ನು ಕೈಯಿಂದಲೇ ಆರಿಸಿ ತೆಗೆಯಿರಿ.

ಕೊಯ್ಲು: ಕಾಳು ಉಬ್ಬಿ, ಸಿಪ್ಪೆ ಇನ್ನೂ ಹಸಿರಾಗಿರುವಾಗ ಕೀಳಬೇಕು. ಒಂದು ಡಬ್ಬದ ಬೆಳೆ ಸಂಸಾರಕ್ಕೆಲ್ಲ ಸಾಲದು. ಒಂದೆರಡು ದಿನದ ಹಿದುಕಿದ ಬೇಳೆಗೆ ಬಂದರೂ ಲಾಭವೇ. ಒಣ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿಯಾಗಿ ತಿಂದರೆ ಅದರಲ್ಲಿ ವಿಷಾಂಶವುಂಟು.

ಬಲಿತ ನಾಲ್ಕು ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಡಿರಿ. ಮುಂದಿನ ವರ್ಷಕ್ಕೆ ನಿಮಗೂ ಬೀಜವಾಯಿತು, ನೆರೆಯವರಿಗೂ ಆಯಿತು.