ಬಿಂಬ, ಪ್ರತಿಬಿಂಬ ಮತ್ತು ದೇಹಪ್ರತಿಮೆ

ಕನ್ನಡಿಯ ಮುಂದೆ ನಿಂತ ದೇಹವು ಬಿಂಬ. ಕನ್ನಡಿಯಲ್ಲಿ ತೋರುವುದು ಪ್ರತಿಬಿಂಬ. ಇವೆರಡರ ಹೊರತಾಗಿ, ಮನುಷ್ಯನು ತನ್ನ ಮೈಯನ್ನು ಕುರಿತು ಮನದೊಳಗೆ ಕಟ್ಟಿಕೊಂಡ ಮೂರನೆಯ ರೂಪವೊಂದುಂಟು. ಅದೇ ದೇಹಪ್ರತಿಮೆ. ಅನೊರೆಕ್ಸಿಯಾ ನರ್ವೋಸಾ ಎಂಬ ಆಹಾರಸಂಬಂಧಿ ಮನೋವ್ಯಾಧಿಯಲ್ಲಿ ಈ ಪ್ರತಿಮೆಯೇ ಕದಡುವುದು. ಎಲುಬು ಕಾಣುವಂತೆ ಕೃಶಳಾದ ಬಾಲೆಯೂ ತಾನು ಸ್ಥೂಲಳೆಂದು ಭಾವಿಸಿ ಅನ್ನವನ್ನು ದೂರವಿಡುವಳು. 1962ರಲ್ಲಿ ಹಿಲ್ಡೆ ಬ್ರೂಕ್ ಎಂಬ ವೈದ್ಯೆ ಇದನ್ನು ರೋಗದ ಮುಖ್ಯ ಲಕ್ಷಣಗಳಲ್ಲೊಂದೆಂದು ಪ್ರತಿಪಾದಿಸಿದರು.

ಕಣ್ಣಿಗೆ ಕಾಣದ ಪ್ರತಿಮೆಯನ್ನು ಅಳೆಯುವುದೆಂತು? 1973ರಲ್ಲಿ ಇಂಗ್ಲೆಂಡಿನ ಸ್ಲೇಡ್ ಮತ್ತು ರಸೆಲ್ ಒಂದು ಉಪಾಯವನ್ನು ಪ್ರಕಟಿಸಿದರು. ಚಲಿಸುವ ಎರಡು ಬೆಳಕಿನ ಬಿಂದುಗಳ ಅಂತರವನ್ನು ರೋಗಿಯು ಹೇಳಿದಂತೆ ಹೊಂದಿಸಿ, ಆಕೆ ಭಾವಿಸಿದ ಸೊಂಟದ ಅಗಲವನ್ನು ನಿಜವಾದ ಅಗಲದೊಡನೆ ಹೋಲಿಸಿದರು. ಭಾವಿಸಿದ ಅಗಲವೇ ಹೆಚ್ಚಾಗಿತ್ತು. ಇತರ ವಸ್ತುಗಳ ಅಳತೆಯಲ್ಲಿ ಮಾತ್ರ ರೋಗಿಗಳು ಹಾಗೆ ತಪ್ಪಲಿಲ್ಲ. ದೋಷವು ಕಣ್ಣಿನದಲ್ಲವೆಂದಾಯಿತು.

ಆದರೆ ಆರೋಗ್ಯವಂತರೂ ತಮ್ಮ ಮೈಯಳತೆಯಲ್ಲಿ ತಪ್ಪುವುದುಂಟು. ಕಾಣುವುದು ಬೇರೆ, ಕಂಡದ್ದಕ್ಕೆ ಬೆಲೆ ಕಟ್ಟುವುದು ಬೇರೆ. ಆದಕಾರಣ ಮೈಯನ್ನು ಕುರಿತ ಅಂಜಿಕೆ, ಜುಗುಪ್ಸೆಗಳನ್ನೂ ವಿಚಾರಿಸಬೇಕು. 1987ರಲ್ಲಿ ಪ್ರಕಟವಾದ ದೇಹಾಕಾರ ಪ್ರಶ್ನಾವಳಿಯ 34 ಪ್ರಶ್ನೆಗಳು ಇದಕ್ಕಾಗಿಯೇ ರಚಿತವಾದವು.

ಈ ಪರೀಕ್ಷೆ ತಜ್ಞರ ಕಾರ್ಯ. ಅಧ್ಯಾಪಕರು ಗ್ರಹಿಸಬೇಕಾದುದಿಷ್ಟು: ಬಡಕಲಾದ ಮೇಲೂ ತಾನು ದಪ್ಪವೆಂದು ಊಟ ಬಿಡುವ ವಿದ್ಯಾರ್ಥಿನಿಯಾಗಲಿ ವಿದ್ಯಾರ್ಥಿಯಾಗಲಿ ಸುಳ್ಳು ಹೇಳುತ್ತಿಲ್ಲ, ಹಟ ಹಿಡಿದೂ ಇಲ್ಲ. ಇದು ಪ್ರಾಣಕ್ಕೆ ಎರವಾಗಬಲ್ಲ ವ್ಯಾಧಿ. ಗದರಿಕೆ, ಪರಿಹಾಸಗಳನ್ನು ಬಿಟ್ಟು, ಪಾಲಕರೊಡನೆ ಮಾತನಾಡಿ, ತಡಮಾಡದೆ ವೈದ್ಯರಲ್ಲಿಗೆ ಕಳುಹಿಸುವುದೇ ವಿಹಿತ.